ರತ್ನಗಂಬಳಿಯೂ ಕರಿಯ ಕಂಬಳಿಯೂ

ಪರ್ಷಿಯ ದೇಶದ, ಎಂದರೆ ಇಂದಿನ ಇರಾನಿನ, ಬಣ್ಣಬಣ್ಣದ ನೆಲಹಾಸಿಗೆ ನಮ್ಮ ಭಾಷೆಯಲ್ಲಿ ರತ್ನಗಂಬಳಿ ಎಂಬ ಹೆಸರುಂಟು. ಈ ಹೆಸರನ್ನು ಬಿಡಿಸಿ ನೋಡಿದರೆ ಅದರೊಳಗೆ ನಮಗೆ ಚಿರಪರಿಚಿತವಾದ ಕಂಬಳಿಯೇ ಕಾಣಿಸುತ್ತದೆ. ಅರಮನೆಯ ನೆಲವನ್ನು ಅಲಂಕರಿಸಿದ ಆ ಬೆಲೆಬಾಳುವ ವಸ್ತುವೂ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ಕುರಿಗಾಹಿಯ ಹೆಗಲನ್ನು ಬಿಡದಿರುವ ಒರಟು ಕಂಬಳಿಯೂ ನಿಜಕ್ಕೂ ಒಂದೇ ಮನೆತನಕ್ಕೆ ಸೇರಿದವು. ಎರಡೂ ಕುರಿಯ ಮೈಯಿಂದ ಬಂದವು. ಎರಡೂ ಹಾಸು, ಹೊಕ್ಕು ಎಂಬ ಎರಡು ಬಗೆಯ ಎಳೆಗಳ ಹೆಣಿಗೆಯಿಂದ ಆದವು. ಎರಡನ್ನೂ ನೇಯ್ದದ್ದು ಮನುಷ್ಯನ ಕೈ.

ಆದರೂ ಅವುಗಳ ನಡುವೆ ಎಷ್ಟೊಂದು ಅಂತರ! ಒಂದರಲ್ಲಿ ಹೂವು, ಬಳ್ಳಿ, ಜಿಂಕೆ, ಉದ್ಯಾನಗಳು ತುಂಬಿವೆ. ಇನ್ನೊಂದರಲ್ಲಿ ಕಪ್ಪು ಬಿಳುಪಿನ ಕೆಲವು ಪಟ್ಟೆಗಳಲ್ಲದೆ ಬೇರೇನೂ ಇಲ್ಲ. ಅಷ್ಟೇ ಅಲ್ಲ, ಚಳ್ಳಕೆರೆಯಿಂದ ಬಳ್ಳಾರಿಯ ದಿಕ್ಕಿಗೆ ಸುಮಾರು ಐವತ್ತು ಕಿಲೋಮೀಟರು ನಡೆದು ಮೊಳಕಾಲ್ಮೂರನ್ನು ಸೇರಿದರೆ, ಅದೇ ಬಿಸಿಲಿನ ನಾಡಿನಲ್ಲಿ, ನೇಕಾರನು ರೇಷ್ಮೆಯ ಸೀರೆಯ ಮೇಲೆ ಹೂವನ್ನೂ ಹಣ್ಣನ್ನೂ ಪ್ರಾಣಿಗಳನ್ನೂ ಅರಳಿಸುತ್ತಿರುವುದನ್ನು ಕಾಣುತ್ತೇವೆ. ಇಂತಹ ವ್ಯತ್ಯಾಸಕ್ಕೆ ಕಾರಣವೇನು?

ಅದು ಆಯಾ ಜನರ ಅಭಿರುಚಿ ಎಂದು ಹೇಳಿಬಿಡುವುದು ಸುಲಭ. ಈ ಉತ್ತರ ಪೂರ್ಣವಾಗಿ ಸುಳ್ಳಲ್ಲವಾದರೂ ಅದರಿಂದ ನಮ್ಮ ಕುತೂಹಲ ತಣಿಯದು. ಒಂದು ಪ್ರದೇಶದ ವಿನ್ಯಾಸದ ಹಿಂದೆ ಆ ಪ್ರದೇಶದ ಹುಲ್ಲು, ಕುರಿ, ಮಳೆ, ನಾರು, ಮಗ್ಗ ಇವೆಲ್ಲವುಗಳ ಲೆಕ್ಕವಿರುತ್ತದೆ. ಆ ಲೆಕ್ಕವನ್ನು ಓದಲು ಕಲಿತರೆ ಹಳೆಯ ಕಂಬಳಿಯೊಂದು ನಮಗೆ ಪಾಠಪುಸ್ತಕವಾಗಬಲ್ಲದು. ಮೊದಲು ಪರ್ಷಿಯದ ಪುಟವನ್ನು ತೆರೆದು, ಅನಂತರ ನಮ್ಮ ಊರುಗಳಿಗೆ ಬರೋಣ.

ಗಂಟುಗಳ ಗಣಿತ

ಪರ್ಷಿಯದ ರತ್ನಗಂಬಳಿಯನ್ನು ನೇಯಲು ಮೊದಲು ಹತ್ತಿಯ ಅಥವಾ ಉಣ್ಣೆಯ, ಕೆಲವೆಡೆ ರೇಷ್ಮೆಯ, ಹಾಸಿನ ಎಳೆಗಳನ್ನು ಮಗ್ಗಕ್ಕೆ ಬಿಗಿದು ಕಟ್ಟುತ್ತಾರೆ. ನೇಕಾರಳು ಪಕ್ಕಪಕ್ಕದ ಎರಡು ಹಾಸಿನ ಎಳೆಗಳಿಗೆ ಬಣ್ಣದ ಉಣ್ಣೆಯ ಒಂದು ಚಿಕ್ಕ ತುಂಡನ್ನು ಸುತ್ತಿ, ಅದರ ಎರಡು ತುದಿಗಳು ಮುಂದಕ್ಕೆ ಚಾಚುವಂತೆ ಎಳೆದು ಕತ್ತರಿಸುತ್ತಾಳೆ. ಇದೇ ಒಂದು ಗಂಟು. ಹೀಗೆ ಒಂದು ಸಾಲು ಮುಗಿದ ಮೇಲೆ ಹೊಕ್ಕಿನ ಎಳೆಯನ್ನು ಹಾಯಿಸಿ, ಭಾರವಾದ ಹಣಿಗೆಯಿಂದ ಕೆಳಕ್ಕೆ ಬಡಿದು ಸಾಲನ್ನು ಗಟ್ಟಿಮಾಡುತ್ತಾಳೆ. ಮುಂದಕ್ಕೆ ಚಾಚಿದ ತುದಿಗಳೆಲ್ಲವೂ ಸೇರಿ ನಮ್ಮ ಪಾದಕ್ಕೆ ಮೆತ್ತಗೆ ತಾಗುವ ಮೇಲ್ಮೈಯಾಗುತ್ತವೆ.

ಗಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಎಳೆಗಳನ್ನೂ ಸರಿಸಮನಾಗಿ ಸುತ್ತಿಕೊಳ್ಳುವುದು ಸಮಗಂಟು. ಒಂದನ್ನು ಪೂರ್ತಿ ಸುತ್ತಿ ಇನ್ನೊಂದರ ಹಿಂದೆ ಸುಮ್ಮನೆ ಹಾದುಬರುವುದು ವಿಷಮಗಂಟು. ಮೊದಲನೆಯದನ್ನು ತುರ್ಕಿಯ ಗಂಟೆಂದೂ ಎರಡನೆಯದನ್ನು ಪರ್ಷಿಯದ ಗಂಟೆಂದೂ ಕರೆಯುವ ರೂಢಿಯುಂಟು. ಆದರೆ ಪರ್ಷಿಯದ ವಾಯವ್ಯ ಭಾಗದಲ್ಲಿ ಸಮಗಂಟೇ ಹೆಚ್ಚು ಬಳಕೆಯಲ್ಲಿದೆ.

ಈ ಕಲೆ ಬಹು ಪುರಾತನವಾದುದು. 1949ರಲ್ಲಿ ರಷ್ಯದ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೋ ಸೈಬೀರಿಯದ ಅಲ್ತಾಯ್ ಪರ್ವತಗಳ ಪಜ಼ಿರಿಕ್ ಎಂಬಲ್ಲಿ ಹಿಮದಲ್ಲಿ ಹುದುಗಿದ್ದ ಸಮಾಧಿಯೊಂದನ್ನು ಅಗೆಸಿದಾಗ ಸುಮಾರು ಎರಡು ಮೀಟರು ಉದ್ದದ ರತ್ನಗಂಬಳಿಯೊಂದು ದೊರೆಯಿತು. ಹಿಂದೆಂದೋ ಕಳ್ಳರು ಕೊರೆದ ಕಂಡಿಯಿಂದ ನೀರು ಒಳಕ್ಕಿಳಿದು ಮಂಜುಗಡ್ಡೆಯಾಗಿ, ಅದನ್ನು ಕೊಳೆಯದಂತೆ ಕಾಪಾಡಿತ್ತು! ಕ್ರಿಸ್ತಪೂರ್ವ 5ರಿಂದ 3ನೆಯ ಶತಮಾನದ ನಡುವಿನದೆಂದು ಎಣಿಸಲಾದ ಆ ಹಾಸಿನಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕ ಗಂಟುಗಳಿವೆ. ಕುದುರೆ ಸವಾರರೂ ಜಿಂಕೆಗಳೂ ಅದರ ಅಂಚಿನಲ್ಲಿ ಸಾಲುಗಟ್ಟಿ ನಡೆದಿದ್ದಾರೆ.

ಇನ್ನೊಂದು ಪ್ರಸಿದ್ಧ ಉದಾಹರಣೆ ಅರ್ದಬಿಲ್ ರತ್ನಗಂಬಳಿ. ಅದರ ಮೇಲೆಯೇ ನೇಯ್ದಿರುವ ಹಿಜರಿ 946ನೆಯ ವರ್ಷ ನಮ್ಮ 1539-40ಕ್ಕೆ ಸಮವಾಗುತ್ತದೆ. ಹತ್ತೂವರೆ ಮೀಟರು ಉದ್ದ, ಐದು ಮೀಟರಿಗೂ ಹೆಚ್ಚು ಅಗಲವಿರುವ ಇದನ್ನು ಲಂಡನ್ನಿನ ವಸ್ತುಸಂಗ್ರಹಾಲಯವು 1893ರಲ್ಲಿ ಕೊಂಡಿತು. ಇದರಲ್ಲಿ ಒಂದು ಚದರ ಅಂಗುಲಕ್ಕೆ ಸುಮಾರು 340 ಗಂಟುಗಳು. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಒಟ್ಟು ಸಂಖ್ಯೆ ಎರಡೂವರೆ ಕೋಟಿಯನ್ನು ಮೀರುತ್ತದೆ. ನುರಿತ ನೇಕಾರಳೊಬ್ಬಳು ದಿನಕ್ಕೆ ಹತ್ತು ಸಾವಿರ ಗಂಟು ಹಾಕುವಳೆಂದು ಇಟ್ಟುಕೊಂಡರೂ, ಒಬ್ಬಳೇ ಕುಳಿತರೆ ಏಳು ವರ್ಷ ಒಂದು ದಿನವೂ ಬಿಡುವಿಲ್ಲದೆ ನೇಯಬೇಕಾಗುತ್ತದೆ.

ಚೌಕದಲ್ಲಿ ಹೂವು ಅರಳುವುದು ಹೇಗೆ?

ಗಂಟುಗಳ ಸಂಖ್ಯೆಗೆ ಇಷ್ಟೊಂದು ಮಹತ್ತ್ವವೇಕೆ? ಚೌಕದ ಗೆರೆಗಳಿರುವ ಲೆಕ್ಕದ ಹಾಳೆಯೊಂದನ್ನು ತೆಗೆದುಕೊಳ್ಳಿ. ಒಂದು ಅಂಗುಲ ಚೌಕದಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 10, ಹೀಗೆ 100 ಮನೆಗಳಿರಲಿ. ಮನೆಗಳನ್ನು ತುಂಬುವುದರಿಂದಲೇ ಅದರಲ್ಲಿ ಒಂದು ವೃತ್ತವನ್ನು ಬರೆಯಲು ಯತ್ನಿಸಿ. ಅದು ವೃತ್ತವಾಗದೆ ಮೆಟ್ಟಿಲು ಮೆಟ್ಟಿಲಾದ ಆಕೃತಿಯಾಗುತ್ತದೆ. ಅದೇ ಅಂಗುಲವನ್ನು ಅಡ್ಡಕ್ಕೂ ಉದ್ದಕ್ಕೂ ನೂರು ನೂರಾಗಿ ಭಾಗಿಸಿದರೆ 10,000 ಮನೆಗಳಾಗುತ್ತವೆ. ಆಗ ಮೆಟ್ಟಿಲುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ವೃತ್ತವು ನುಣ್ಣಗೆ ತೋರುತ್ತದೆ. ಇಂದು ಕಂಪ್ಯೂಟರಿನ ತೆರೆಯ ಮೇಲೆ ಚಿತ್ರ ಮೂಡುವುದೂ ಇದೇ ನಿಯಮದಿಂದ. ರತ್ನಗಂಬಳಿಯ ಒಂದೊಂದು ಗಂಟೂ ಅಂತಹ ಒಂದೊಂದು ಮನೆ.

ಪರ್ಷಿಯದ ಪ್ರಾಂತಗಳ ವಿನ್ಯಾಸಭೇದದ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಕಾಶಾನ್, ಇಸ್ಫಹಾನ್, ಕೆರ್ಮಾನ್ ಮೊದಲಾದ ನಗರಗಳ ಕಾರ್ಖಾನೆಗಳಲ್ಲಿ ನುಣುಪಾದ ಉಣ್ಣೆ, ಸಣ್ಣ ಎಳೆಯ ಹಾಸು, ಚಿತ್ರಕಾರನು ಬರೆದುಕೊಟ್ಟ ಚೌಕದ ಹಾಳೆ ಇವುಗಳ ಅನುಕೂಲವಿತ್ತು. ಆದುದರಿಂದ ಅಲ್ಲಿ ಬಾಗಿ ಬಳುಕುವ ಬಳ್ಳಿ, ನಡುವೆ ದೊಡ್ಡ ಪದಕದಂತಹ ಆಕೃತಿ, ಹೂದಾನಿ ಮೊದಲಾದವು ಬೆಳೆದವು. ಕೋಮ್ ನಗರವು ರೇಷ್ಮೆಯ ರತ್ನಗಂಬಳಿಗಳಿಗೆ ಹೆಸರಾಯಿತು. ಫಾರ್ಸ್ ಪ್ರಾಂತದ ಕಶ್ಕಾಯಿ ಕುರಿಗಾಹಿಗಳ ಸ್ಥಿತಿಯೇ ಬೇರೆ. ಅವರು ಬೇಸಗೆಗೆ ಬೆಟ್ಟಕ್ಕೆ, ಚಳಿಗಾಲಕ್ಕೆ ಬಯಲಿಗೆ ಮಂದೆಯೊಡನೆ ಅಲೆಯುವವರು. ಗೂಟಗಳನ್ನು ಕಿತ್ತು ಕತ್ತೆ ಒಂಟೆಗಳ ಮೇಲೆ ಹೇರಬಹುದಾದ ನೆಲಮಗ್ಗ, ತಮ್ಮದೇ ಕುರಿಯ ಉಣ್ಣೆ, ತಾಯಿಯಿಂದ ಕಲಿತ ನೆನಪು, ಇವೇ ಅವರ ಬಂಡವಾಳ. ಅವರ ನೇಯ್ಗೆಯಲ್ಲಿ ವಜ್ರಾಕೃತಿಗಳೂ ಕೊಕ್ಕೆಗಳೂ ನೇರ ಗೆರೆಯ ಹಕ್ಕಿಗಳೂ ಕಾಣುತ್ತವೆ. ಹೆರೀಜ಼್ ಸೀಮೆಯ ಹಳ್ಳಿಗರು ನಗರದ ಪದಕವನ್ನು ಎರವಲು ಪಡೆದರು. ಆದರೆ ದಪ್ಪ ಗಂಟುಗಳಲ್ಲಿ ಬಳ್ಳಿಯ ಬಾಗು ನಿಲ್ಲದ ಕಾರಣ ಅದನ್ನು ನೇರ ಗೆರೆಗಳಾಗಿ ಮುರಿದರು. ಆ ಮುರಿದ ಗೆರೆಯೇ ಅವರ ಗುರುತಾಗಿ ಜಗತ್ಪ್ರಸಿದ್ಧವಾಯಿತು! ಫಾರ್ಸ್ ಮತ್ತು ಕಾಶಾನಿನ ಈ ಎರಡು ಪರಂಪರೆಗಳನ್ನು 2010ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಬಣ್ಣದ ಮಾತು. ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿಯ ಗಿಡದಿಂದ ನೀಲಿ, ದಾಳಿಂಬೆಯ ಸಿಪ್ಪೆಯಿಂದ ಹಳದಿ, ಅಕ್ರೋಟಿನ ಸಿಪ್ಪೆಯಿಂದ ಕಂದು, ಹೀಗೆ ಬಣ್ಣಗಾರನ ಅಂಗಡಿ ಗಿಡಮರಗಳಲ್ಲೇ ಇತ್ತು. ಬೇರಿನ ಕಷಾಯದಲ್ಲಿ ಉಣ್ಣೆಯನ್ನು ಸುಮ್ಮನೆ ಅದ್ದಿದರೆ ಬಣ್ಣವು ಗಟ್ಟಿಯಾಗಿ ನಿಲ್ಲದು. ಮೊದಲು ಪಟಿಕದ ನೀರಿನಲ್ಲಿ ಕುದಿಸಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಮ್ ಒಂದು ಕೈಯಿಂದ ಉಣ್ಣೆಯನ್ನೂ ಇನ್ನೊಂದು ಕೈಯಿಂದ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಪಜ಼ಿರಿಕ್ ಹಾಸಿನ ಕೆಂಪು ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿದ ಬಗೆಯನ್ನು ಕುರಿತು 2021ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಉಣ್ಣೆಯನ್ನು ಮೊದಲು ಹುದುಗೆಬ್ಬಿಸಿದ್ದರಿಂದ ಅದರ ಮೇಲಿನ ಹುರುಪೆಗಳು ತೆರೆದುಕೊಂಡು, ಬಣ್ಣವು ಎಳೆಯ ಆಳಕ್ಕೆ ಇಳಿದಿತ್ತೆಂದು ಕ್ಷಕಿರಣಗಳ ಪರೀಕ್ಷೆಯಿಂದ ತಿಳಿದುಬಂದಿತು.

ಬಣ್ಣ ಹಿಡಿಯಬೇಕಾದರೆ ಉಣ್ಣೆಯು ಬೆಳ್ಳಗಿರಬೇಕೆಂಬುದನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ

ಪರ್ಷಿಯದ ಕಲೆ ದಖ್ಖನಿಗೆ ಅಪರಿಚಿತವಾಗಿರಲಿಲ್ಲ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಪರ್ಷಿಯದ ವಿದ್ವಾಂಸರಿಗೂ ಕುಶಲಕರ್ಮಿಗಳಿಗೂ ಆಶ್ರಯವಿತ್ತು. ಅಲ್ಲಿನ ಅಸಾರ್ ಮಹಲಿನಲ್ಲಿದ್ದ 17ನೆಯ ಶತಮಾನದ ರತ್ನಗಂಬಳಿಗಳು ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯಕ್ಕೆ ಬಂದಿವೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯ ನೇಕಾರರೂ ಬಿಜಾಪುರದಿಂದ ಬಂದವರೆಂಬ ಐತಿಹ್ಯವುಂಟು. ಆ ಊರಿನ ಮುಸ್ಲಿಮ್ ಹೆಂಗಸರು ಮನೆಯೊಳಗೆ ನಿಲ್ಲಿಸಿದ ಮಗ್ಗದ ಮೇಲೆ ಹತ್ತಿಯ ನೂಲಿನಿಂದ ಗಂಟಿಲ್ಲದ ಹಾಸನ್ನು ನೇಯುತ್ತಾರೆ. ನವಿಲು, ಪಗಡೆಯ ಹಾಸು ಮೊದಲಾದ ಅದರ ಆಕೃತಿಗಳೆಲ್ಲ ನೇರ ಗೆರೆಗಳಲ್ಲಿಯೂ ಮೆಟ್ಟಿಲುಗಳಲ್ಲಿಯೂ ಇವೆ. ದಪ್ಪ ನೂಲು, ಗಂಟಿಲ್ಲದ ನೇಯ್ಗೆ. ಆದುದರಿಂದ ನೇರ ಗೆರೆ. ಹೆರೀಜ಼ಿನಲ್ಲಿ ಕಂಡ ನಿಯಮವೇ ನವಲಗುಂದದಲ್ಲಿಯೂ ನಡೆಯುತ್ತದೆ.

ಈಗ ಚಳ್ಳಕೆರೆಗೆ ಬರೋಣ.

ಚಳ್ಳಕೆರೆಯ ಕಂಬಳಿ

ಚಳ್ಳಕೆರೆಯು ಕರ್ನಾಟಕದ ಅತ್ಯಂತ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯನ್ನು ನಂಬಿ ಇಲ್ಲಿ ಶೇಂಗಾ, ಸಜ್ಜೆ ಬೆಳೆಯಬಹುದು. ಆದರೆ ಈ ನೆಲದ ನಿಜವಾದ ಬೆಳೆ ಹುಲ್ಲು, ಹುಲ್ಲನ್ನು ಉಣ್ಣೆಯಾಗಿ ಪರಿವರ್ತಿಸುವ ಪ್ರಾಣಿ ಕುರಿ. ದಖ್ಖನಿ ಮತ್ತು ಬಳ್ಳಾರಿ ಎಂಬ ಕುರಿಯ ತಳಿಗಳು ಬಿಸಿಲನ್ನೂ ಬರವನ್ನೂ ತಾಳಿಕೊಂಡು, ದೂರದೂರ ನಡೆದು, ಮುಳ್ಳುಪೊದೆಗಳ ನಡುವೆ ಮೇದು ಬದುಕಬಲ್ಲವು.

ಈ ಕುರಿಗಳ ಉಣ್ಣೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಚಳ್ಳಕೆರೆಯ ಕಂಬಳಿಯ ಅರ್ಧ ಕಥೆ ತಿಳಿಯುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನುಣುಪಿಗೆ ಹೆಸರಾದ ಮೆರೀನೋ ಕುರಿಯ ಉಣ್ಣೆಯ ಎಳೆ 24 ಮೈಕ್ರಾನಿಗಿಂತ ತೆಳು. ಪರ್ಷಿಯದ ರತ್ನಗಂಬಳಿಯ ಉಣ್ಣೆ ಸುಮಾರು 25ರಿಂದ 35 ಮೈಕ್ರಾನ್. ನಮ್ಮ ದಖ್ಖನಿ ಉಣ್ಣೆಯ ಬಹುಪಾಲು ಅದಕ್ಕಿಂತಲೂ ದಪ್ಪ. ಅದರ ಅನೇಕ ಎಳೆಗಳ ನಡುವೆ ಟೊಳ್ಳಾದ ತಿರುಳಿರುವುದರಿಂದ ಅವು ಕೂದಲಿನಂತೆ ಒರಟಾಗಿರುತ್ತವೆ. ವರ್ಷಕ್ಕೆ ಎರಡು ಸಲ ಕತ್ತರಿಸುವ ಕಾರಣ ಎಳೆಯ ಉದ್ದವೂ ಕಡಿಮೆ. ಬಣ್ಣವೋ ಬಹುತೇಕ ಕಪ್ಪು, ಇಲ್ಲವೆ ಕಂದು, ಅಲ್ಲಲ್ಲಿ ಬಿಳುಪು.

ಈಗ ಹಿಂದೆ ನೆನಪಿನಲ್ಲಿಟ್ಟ ಮಾತನ್ನು ತನ್ನಿ. ಕರಿಯ ಉಣ್ಣೆಯನ್ನು ಮಂಜಿಷ್ಠದಲ್ಲಿ ಅದ್ದಿದರೂ ಕೆಂಪು ಕಾಣದು. ಉಣ್ಣೆಯೊಳಗೆ ಹುಟ್ಟಿನಿಂದಲೇ ಇರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಬೇರೆಲ್ಲ ಬಣ್ಣವನ್ನೂ ನುಂಗಿಬಿಡುತ್ತದೆ. ಗಂಟು ಹಾಕಿ ಹೂವರಳಿಸಲು ಬೇಕಾದ ನುಣುಪೂ ಇಲ್ಲ, ಬಿಳುಪೂ ಇಲ್ಲ. ಹಾಗಿರುವಾಗ ಇಲ್ಲಿನ ನೇಕಾರನು ಕುರಿಯ ಬಣ್ಣವನ್ನೇ ತನ್ನ ಬಣ್ಣವಾಗಿ ಮಾಡಿಕೊಂಡನು. ಕತ್ತರಿಸುವಾಗಲೇ ಕಪ್ಪು, ಕಂದು, ಬಿಳುಪು ಉಣ್ಣೆಗಳನ್ನು ಬೇರೆಬೇರೆಯಾಗಿ ಆರಿಸಿಡುವುದು ಅವನ ಚಿತ್ರಕಲೆಯ ಮೊದಲ ಹೆಜ್ಜೆ. ಬಣ್ಣಗಾರನ ಕೆಲಸವನ್ನು ಇಲ್ಲಿ ಕುರಿಯೇ ಮಾಡಿ ಮುಗಿಸಿರುತ್ತದೆ. ಒಗೆತಕ್ಕೆ ಬಿಟ್ಟುಹೋಗುವ ಬಣ್ಣ ಇದಲ್ಲ.

ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಬಿಲ್ಲಿನ ನಾರಿಯಿಂದ ಮಿಡಿದು ಹಗುರ ಮಾಡಿ, ಹಂಜಿಯಾಗಿ ಸುತ್ತಿ, ರಾಟೆಯ ಮೇಲೆ ನೂಲುತ್ತಾರೆ. ನೂಲುವ ಕೆಲಸ ಸಾಮಾನ್ಯವಾಗಿ ಹೆಂಗಸರದು, ನೇಯುವುದು ಗಂಡಸರದು. ಗಿಡ್ಡ ಎಳೆಗಳಿಂದಾದ ಈ ನೂಲಿನ ಮೈತುಂಬ ಎದ್ದುನಿಂತ ಕೂದಲು. ಇದನ್ನು ಹಾಗೆಯೇ ಮಗ್ಗಕ್ಕೆ ಹಾಸಿದರೆ ಪಕ್ಕದ ಎಳೆಗಳು ಒಂದಕ್ಕೊಂದು ತೊಡರಿ ನೇಯಲು ಬಾರದು. ಅದಕ್ಕಾಗಿ ಹುಣಸೆಬೀಜದ ಸರಿಯನ್ನು ಕಂಡುಹಿಡಿದರು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು ಬೇಯಿಸಿದರೆ ಅಂಟಾದ ಗಂಜಿಯಾಗುತ್ತದೆ. ಬೀಜದಲ್ಲಿರುವ ಸಕ್ಕರೆಯ ಉದ್ದುದ್ದ ಸರಪಣಿಗಳೇ ಈ ಅಂಟಿಗೆ ಕಾರಣ. ಹಾಸಿನ ನೂಲಿಗೆ ಇದನ್ನು ಬಳಿದು ಕುಂಚದಿಂದ ತೀಡಿ ಒಣಗಿಸಿದರೆ ಎದ್ದುನಿಂತ ಕೂದಲೆಲ್ಲ ಮಲಗಿ ಎಳೆ ಗಟ್ಟಿಯಾಗುತ್ತದೆ. ಹೊಸ ಕಂಬಳಿಯು ಬಿರುಸಾಗಿ ನಿಲ್ಲುವುದು ಈ ಸರಿಯಿಂದಲೇ.

ಕುಣಿಮಗ್ಗದ ಮುಂದೆ ಕಾಲು ಇಳಿಬಿಟ್ಟು ಕುಳಿತ ನೇಕಾರನು ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಎಂಬ ಸರಳವಾದ ನೇಯ್ಗೆಯನ್ನು ನಡೆಸುತ್ತಾನೆ. ಈ ನೇಯ್ಗೆಯಲ್ಲಿ ಹೆಚ್ಚಿನ ಶ್ರಮವಿಲ್ಲದೆ ಬರುವ ಅಲಂಕಾರ ಒಂದೇ, ಅದು ಪಟ್ಟೆ. ಹಾಸಿನಲ್ಲಿ ಬಿಳಿಯ ನೂಲನ್ನು ಸೇರಿಸಿದರೆ ಉದ್ದದ ಪಟ್ಟೆ. ಹೊಕ್ಕಿನಲ್ಲಿ ಲಾಳಿ ಬದಲಿಸಿದರೆ ಅಡ್ಡಪಟ್ಟೆ. ಎರಡನ್ನೂ ಮಾಡಿದರೆ ಚೌಕಳಿ. ಕರಿಯ ಒಡಲಿನ ಎರಡು ಬದಿಗೆ ಬಿಳಿಯ ಅಂಚಿರುವ ಕಂಬಳಿಯನ್ನು ನೋಡಿದವರಿಗೆ ಆ ವಿನ್ಯಾಸದ ಗಾಂಭೀರ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಕಣ್ಣಿಗೆ ಸರಳವಾದ ಈ ವಸ್ತು ಕೆಲಸದಲ್ಲಿ ಸರಳವಲ್ಲ. ಒರಟಾದ ಎಳೆಗಳು ಒತ್ತಿಕೊಳ್ಳದೆ ತಮ್ಮ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಗಾಳಿಯ ಈ ಪದರವೇ ಚಳಿಯನ್ನು ತಡೆಯುತ್ತದೆ. ಉಣ್ಣೆಯ ಹೊರಮೈ ನೀರಿನ ಹನಿಯನ್ನು ಬೇಗ ಒಳಕ್ಕೆ ಬಿಡದು. ಆದರೆ ಎಳೆಯ ಒಳಭಾಗ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ನೀರಾವಿಯನ್ನು ಹೀರಿಕೊಳ್ಳಬಲ್ಲದು. ಹಾಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಟ್ಟುಕೊಡುತ್ತದೆ. ಮಳೆಯಲ್ಲಿ ಕೊಪ್ಪೆಯಾಗಿ, ಚಳಿಯಲ್ಲಿ ಹೊದಿಕೆಯಾಗಿ, ರಾತ್ರಿ ಹಾಸಿಗೆಯಾಗಿ, ದೇವರ ಕಾರ್ಯದಲ್ಲಿ ಗದ್ದಿಗೆಯಾಗಿ ಒಂದೇ ಕಂಬಳಿ ಸಾಕಾಗುವುದು ಈ ಗುಣಗಳಿಂದ. ಬಯಲಿನಲ್ಲಿ ಮಂದೆಯ ಜೊತೆ ಮಲಗುವವನಿಗೆ ಬಳ್ಳಿಯ ಚಿತ್ತಾರಕ್ಕಿಂತ ಇದು ಹೆಚ್ಚು ಬೇಕಾದುದು.

ಮೊಳಕಾಲ್ಮೂರಿನ ರೇಷ್ಮೆ

ಮೊಳಕಾಲ್ಮೂರು ತಾಲ್ಲೂಕು ಇತಿಹಾಸದ ವಿದ್ಯಾರ್ಥಿಗಳಿಗೆ ಬೇರೊಂದು ಕಾರಣದಿಂದ ಪರಿಚಿತ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು ಇವನ್ನು 1892ರಲ್ಲಿ ಬೆಳಕಿಗೆ ತಂದರು. ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ಆದರೆ ಅವನ್ನು ಬರೆದ ಚಪಡ ಎಂಬ ಲಿಪಿಕಾರನು ಕೊನೆಯ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ದೂರದ ವಾಯವ್ಯ ಗಡಿಯ ಲಿಪಿ. ಪರ್ಷಿಯ ಸಾಮ್ರಾಜ್ಯದ ಕಚೇರಿಗಳಲ್ಲಿ ನಡೆಯುತ್ತಿದ್ದ ಅರಮಾಯಿಕ್ ಬರವಣಿಗೆಯಿಂದ ಬೆಳೆದುದು. ಇದರಿಂದ ಪರ್ಷಿಯದ ನೇಯ್ಗೆ ಇಲ್ಲಿಗೆ ಬಂತೆಂದು ಹೇಳಲಾಗದು. ಕೈಯ ಕಸುಬು ಬಲ್ಲವರು ಇಪ್ಪತ್ತಮೂರು ಶತಮಾನಗಳ ಹಿಂದೆಯೂ ಅಷ್ಟು ದೂರ ಸಂಚರಿಸುತ್ತಿದ್ದರೆಂಬುದು ಮಾತ್ರ ನಿಶ್ಚಯ.

ಇಂದು ಮೊಳಕಾಲ್ಮೂರಿನ ಹೆಸರು ರೇಷ್ಮೆ ಸೀರೆಗೆ ಅಂಟಿಕೊಂಡಿದೆ. ರೇಷ್ಮೆಯು ಉಣ್ಣೆಗೆ ಎಲ್ಲ ವಿಧದಲ್ಲಿಯೂ ವಿರುದ್ಧವಾದ ನಾರು. ಉಣ್ಣೆಯ ಎಳೆ ಕೆಲವು ಸೆಂಟಿಮೀಟರು ಮಾತ್ರ. ಒಂದು ರೇಷ್ಮೆಗೂಡಿನಿಂದ ಬಿಚ್ಚುವ ಎಳೆ ನೂರಾರು ಮೀಟರು ಉದ್ದ. ದಪ್ಪ ಸುಮಾರು 10ರಿಂದ 13 ಮೈಕ್ರಾನ್. ಅದರ ಅಡ್ಡಕೊಯ್ತ ತ್ರಿಕೋನದಂತಿರುವುದರಿಂದ ಬೆಳಕು ಅದರ ಮೇಲೆ ಬಿದ್ದು ಕನ್ನಡಿಯ ಮೇಲೆ ಬಿದ್ದಂತೆ ಹೊಳೆಯುತ್ತದೆ. ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ನಮ್ಮ ಚೌಕದ ಹಾಳೆಯ ಲೆಕ್ಕದಲ್ಲಿ ಹೇಳುವುದಾದರೆ, ಕಂಬಳಿಯ ನೇಕಾರನಿಗೆ ದೊಡ್ಡ ದೊಡ್ಡ ಮನೆಗಳ ಹಾಳೆ ದೊರೆತಿದ್ದರೆ ರೇಷ್ಮೆಯ ನೇಕಾರನಿಗೆ ಅತಿ ಸಣ್ಣ ಮನೆಗಳ ಹಾಳೆ ದೊರೆತಿದೆ. ಹೂವು, ಹಣ್ಣು, ಪ್ರಾಣಿಗಳ ಬುಟ್ಟಾಗಳು ಇಲ್ಲಿ ಸಾಧ್ಯವಾದುದು ಹೀಗೆ.

ಗಂಟಿನ ಬದಲು ಇಲ್ಲಿ ಹೆಚ್ಚುವರಿ ಹೊಕ್ಕನ್ನು ಬಳಸುತ್ತಾರೆ. ಸೀರೆಯ ಮೂಲ ನೇಯ್ಗೆಯ ನಡುವೆ, ಚಿತ್ರ ಬೇಕಾದಲ್ಲಿ ಮಾತ್ರ, ಜರಿಯನ್ನೋ ಬಣ್ಣದ ರೇಷ್ಮೆಯನ್ನೋ ಸೇರಿಸುವುದು ಇದರ ಕ್ರಮ. ಯಾವ ಹಾಸಿನ ಎಳೆ ಯಾವ ಕ್ಷಣದಲ್ಲಿ ಮೇಲೇಳಬೇಕೆಂಬುದನ್ನು ಜಕಾರ್ಡ್ ಎಂಬ ಸಾಧನ ನಿರ್ಧರಿಸುತ್ತದೆ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದಲ್ಲಿ ರಂಧ್ರಗಳಿರುವ ರಟ್ಟುಗಳ ಮಾಲೆಯಿರುತ್ತದೆ. ರಂಧ್ರವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇದೇ ರಟ್ಟುಗಳನ್ನು ಕಂಡು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರಕ್ಕೆ ಆಜ್ಞೆ ಕೊಡುವ ಉಪಾಯವನ್ನು ಯೋಚಿಸಿದನು. ಕಂಪ್ಯೂಟರಿನ ವಂಶವೃಕ್ಷದಲ್ಲಿ ಒಬ್ಬ ಪೂರ್ವಜ ಮಗ್ಗವೆಂಬುದು ವಿದ್ಯಾರ್ಥಿಗಳಿಗೆ ಹೆಮ್ಮೆಯ ವಿಷಯವಾಗಬೇಕು!

ಅಂಚಿಗೂ ಒಡಲಿಗೂ ಬೇರೆಬೇರೆ ಬಣ್ಣ ಬೇಕಾದಾಗ ಮೂರು ಲಾಳಿಗಳನ್ನು ಹಾಯಿಸಿ, ಎರಡು ಬಣ್ಣಗಳು ಕೂಡುವಲ್ಲಿ ಎಳೆಗೆ ಎಳೆಯನ್ನು ಕೊಂಡಿಹಾಕುತ್ತಾರೆ. ಒಂದೇ ಲಾಳಿಯಿಂದ ನೇಯ್ದರೆ ಅಂಚಿನ ಬಣ್ಣ ಒಡಲಿನ ಬಣ್ಣದೊಡನೆ ಬೆರೆತು ಮಂಕಾಗುತ್ತದೆ. ಮಗ್ಗದ ಒಂದು ತೊಡಕನ್ನು ಬಿಡಿಸಲು ಹೂಡಿದ ಈ ಉಪಾಯವೇ ಕೈಮಗ್ಗದ ಸೀರೆಯ ಅಂದವೂ ಆಗಿದೆ.

ಯಾವುದು ಉಳಿಯಬೇಕು?

ಈಗ ಒಂದು ಕಠಿಣವಾದ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ವಿನ್ಯಾಸವು ನಾರಿನಿಂದಲೂ ನೆಲದಿಂದಲೂ ಹುಟ್ಟಿತೆಂಬುದು ನಿಜವಾದರೆ, ನಾರೂ ನೆಲವೂ ಕೈಬಿಟ್ಟಾಗ ವಿನ್ಯಾಸದ ಗತಿಯೇನು?

ಯಂತ್ರಮಗ್ಗವು ಮೊಳಕಾಲ್ಮೂರಿನ ಸೀರೆಯ ಚಿತ್ರವನ್ನು ಬಹು ಬೇಗ, ಬಹು ಅಗ್ಗವಾಗಿ ನಕಲುಮಾಡಬಲ್ಲದು. ಇದನ್ನು ತಡೆಯಲು ಕೆಲವು ಕಾನೂನುಗಳಿವೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಮಾನ್ಯತೆ ದೊರೆಯಿತು. ಬೇರೆಡೆ ನೇಯ್ದುದನ್ನು ಈ ಹೆಸರಿನಿಂದ ಮಾರುವುದು ತಪ್ಪು. ಇದು ಒಳ್ಳೆಯದೇ. ಆದರೆ ಕಾನೂನು ಹೆಸರನ್ನು ಕಾಯುತ್ತದೆ. ಕೈಯ ಕೂಲಿ ಹೊಟ್ಟೆಗೆ ಸಾಲದೆ ನೇಕಾರನ ಮಗ ಮಗ್ಗವನ್ನು ಬಿಟ್ಟರೆ, ಕಾಯ್ದ ಹೆಸರಿನ ಕೆಳಗೆ ವಸ್ತುವೇ ಇರುವುದಿಲ್ಲ.

ಕಂಬಳಿಯ ಸಂಕಟ ಇನ್ನೂ ಆಳದ್ದು. ಗಿರಣಿಯ ಹೊದಿಕೆಗಳೂ ಕೃತಕ ನೂಲಿನ ರಗ್ಗುಗಳೂ ಬಂದ ಮೇಲೆ ಒರಟು ಉಣ್ಣೆಗೆ ಬೆಲೆ ಕುಸಿಯಿತು. ಕುರಿಯನ್ನು ಮಾಂಸಕ್ಕಾಗಿಯೇ ಸಾಕುವ ವಾಡಿಕೆ ಬೆಳೆದು, ದಖ್ಖನಿನ ಅನೇಕ ಕಡೆ ಉಣ್ಣೆಯಿಲ್ಲದ, ಬೇಗ ಕೊಬ್ಬುವ ತಳಿಗಳು ಮಂದೆಗೆ ಸೇರಿದವು. ಕತ್ತರಿಸುವ ಕೂಲಿಯಷ್ಟೂ ಹುಟ್ಟದೆ ಉಣ್ಣೆಯನ್ನು ಬಿಸಾಡುವುದೂ ಉಂಟು. ಹುಲ್ಲುಗಾವಲೂ ಕಿರಿದಾಯಿತು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿಗಳೂ ಮೇಯುತ್ತಿದ್ದವು. 2009ರ ಸುಮಾರಿನಿಂದ ಒಂಬತ್ತು ಸಾವಿರ ಎಕರೆಗೂ ಮಿಕ್ಕ ಈ ನೆಲವನ್ನು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳು ಮೊದಲಾದವಕ್ಕೆ ಕೊಡಲಾಯಿತು. ಬೇಲಿಗಳು ಎದ್ದವು, ಹಳ್ಳಿಗರು ಅವನ್ನು ಪ್ರಶ್ನಿಸಿದರು, ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು.

ವಿಜ್ಞಾನದ ಪತ್ರಿಕೆಯಲ್ಲಿ ಬರೆಯುವ ನಾವು ಸಂಶೋಧನಾಲಯಗಳು ಬೇಡವೆನ್ನುವವರಲ್ಲ. ಆದರೆ ವಿಜ್ಞಾನವು ಬೇಲಿಯ ಒಳಗೆ ಮಾತ್ರ ಇದೆಯೆಂದು ತಿಳಿಯುವುದು ತಪ್ಪು. ಯಾವ ಹುಲ್ಲು ಯಾವ ತಿಂಗಳಲ್ಲಿ ಚಿಗುರುವುದೆಂಬ ಅರಿವು, ಬರದಲ್ಲಿ ಬದುಕುವ ತಳಿಯ ಆಯ್ಕೆ, ಹುಣಸೆಬೀಜದ ಸರಿಯ ಹದ, ಇವೂ ನೂರಾರು ವರ್ಷಗಳ ಪ್ರಯೋಗದ ಫಲಗಳೇ. ಇವು ಪುಸ್ತಕದಲ್ಲಿ ಬರೆದಿಟ್ಟವಲ್ಲ. ಕೆಲಸ ನಿಂತ ದಿನ ಮರೆತುಹೋಗತಕ್ಕವು. ಹೆರೀಜ಼ಿನ ರತ್ನಗಂಬಳಿಯ ಚಿತ್ರವನ್ನು ಯಾವ ಗಿರಣಿಯಾದರೂ ಅಚ್ಚುಹಾಕೀತು. ಆ ಗೆರೆ ಏಕೆ ಮುರಿಯಿತೆಂಬುದನ್ನು ಗಿರಣಿ ಅರಿಯದು. ಚಳ್ಳಕೆರೆಯ ಪಟ್ಟೆಗೂ ಇದೇ ಮಾತು ಸಲ್ಲುತ್ತದೆ.

ಒರಟು ಉಣ್ಣೆಗೆ ಹೊಸ ಉಪಯೋಗಗಳನ್ನು ಹುಡುಕುವುದು ರಸಾಯನಶಾಸ್ತ್ರ, ಭೌತಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ. ಶಾಖವನ್ನೂ ಸದ್ದನ್ನೂ ತಡೆಯುವ ಗುಣ, ಬೇಗ ಬೆಂಕಿ ಹತ್ತದ ಗುಣ, ಮಣ್ಣಿಗೆ ಸೇರಿದರೆ ಗೊಬ್ಬರವಾಗುವ ಗುಣ ಇವೆಲ್ಲವೂ ಅದರಲ್ಲಿವೆ. ಉಣ್ಣೆಗೆ ಬೆಲೆ ಬಂದರೆ ಉಣ್ಣೆಯ ಕುರಿಗೆ ಮಂದೆಯಲ್ಲಿ ಮತ್ತೆ ಸ್ಥಾನ ದೊರೆತೀತು. ಕುರಿ ಉಳಿದರೆ ಕಂಬಳಿ ಉಳಿದೀತು.

ಅದಕ್ಕಿಂತ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವುಂಟು. ಅಟ್ಟದ ಮೇಲೆಯೋ ಪೆಟ್ಟಿಗೆಯಲ್ಲೋ ಇರುವ ಅಜ್ಜನ ಕಂಬಳಿಯನ್ನೂ ಅಮ್ಮನ ರೇಷ್ಮೆ ಸೀರೆಯನ್ನೂ ಬೆಳಕಿಗೆ ತನ್ನಿ. ಭೂತಗನ್ನಡಿಯನ್ನು ಹಿಡಿದು, ಅಳತೆಪಟ್ಟಿಯನ್ನು ಇಟ್ಟು, ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಎರಡನ್ನೂ ಗುಣಿಸಿದರೆ ಆ ನೇಕಾರನಿಗೆ ದೊರೆತಿದ್ದ ಮನೆಗಳ ಸಂಖ್ಯೆ ತಿಳಿಯುತ್ತದೆ. ಅನಂತರ ಚಿತ್ತಾರವನ್ನು ನೋಡಿ. ಅಷ್ಟೇ ಮನೆಗಳಲ್ಲಿ ಅವನು ಮಾಡಿದುದಕ್ಕಿಂತ ಉತ್ತಮವಾದುದನ್ನು ನೀವು ಮಾಡಬಲ್ಲಿರಾ ಎಂದು ಲೆಕ್ಕದ ಹಾಳೆಯ ಮೇಲೆ ಯತ್ನಿಸಿ ನೋಡಿ. ಕಂಬಳಿಯ ಹೆಸರು ರತ್ನಗಂಬಳಿಯ ಒಳಗೆ ಏಕೆ ಸೇರಿಕೊಂಡಿದೆಯೆಂಬುದು ಆಗ ನಿಮಗೇ ತಿಳಿಯುತ್ತದೆ.